ಕರಾವಳಿಯ ಕಟ್ಟಡಕ್ಕೆ ಡಿಜಿಟಲ್ ಫಲಕ: ಜಾಗ ಗುರುತಿಸುವುದರಿಂದ ಮೊದಲ ಮಳೆಗಾಲ ದಾಟುವವರೆಗೆ

ಆಸ್ಪತ್ರೆಯಿರಲಿ, ಸಹಕಾರಿ ಬ್ಯಾಂಕಿರಲಿ, ಕಾಲೇಜು ಅಥವಾ ಸಭಾಭವನವಿರಲಿ, ಡಿಜಿಟಲ್ ಫಲಕ ಹಾಕಿಸುವ ಮಾತು ಬಂದ ಕೂಡಲೇ ಎಲ್ಲರೂ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಇಂಚಿನದ್ದು ತರೋಣ?’ ಎಂದು. ಅಲ್ಲಿಂದ ಶುರು ಮಾಡಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಯಾರು, ಎಷ್ಟು ದೂರದಿಂದ, ಯಾವ ಭಾಷೆಯಲ್ಲಿ, ಏನನ್ನು ಓದಬೇಕು ಎಂಬುದು ನಿಶ್ಚಯವಾದರೆ ಇಂಚು ತಾನಾಗಿ ಹೊರಬರುತ್ತದೆ. ಮಂಗಳೂರು, ಉಡುಪಿಯಲ್ಲಾದರೆ ಇದರ ಜೊತೆಗೆ ಇನ್ನೂ ನಾಲ್ಕು ವಿಷಯ ಸೇರುತ್ತವೆ: ಉಪ್ಪುಗಾಳಿ, ನಾಲ್ಕು ತಿಂಗಳ ಮಳೆ, ಸಿಡಿಲು ಮತ್ತು ಕೆಂಪುಕಲ್ಲಿನ ಗೋಡೆ. ಬೆಂಗಳೂರಿನಲ್ಲಿ ಐದು ವರ್ಷ ಬಾಳುವ ವ್ಯವಸ್ಥೆ ಇಲ್ಲಿ ಎರಡನೇ ಮಳೆಗಾಲಕ್ಕೇ ಕೈಕೊಡುವುದು ಹೆಚ್ಚಾಗಿ ಇವುಗಳಿಂದಲೇ.

ವಿವರಿಸಲು ಒಂದು ಕಟ್ಟಡವನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಉಡುಪಿಯ ಮೂರು ಮಹಡಿಯ ಒಂದು ಆಸ್ಪತ್ರೆ. ಸ್ವಾಗತ ಕೌಂಟರಿಗೆ ಒಂದು ಪರದೆ, ಹೊರರೋಗಿಗಳು ಕಾಯುವ ಮೂರು ಜಾಗಗಳಿಗೆ ಒಂದೊಂದು, ಔಷಧಿ ಕೌಂಟರಿಗೆ ಒಂದು, ಕ್ಯಾಂಟೀನಿಗೆ ಒಂದು, ಮುಖ್ಯದ್ವಾರದ ಹೊರಗೆ ಒಂದು. ಒಟ್ಟು ಏಳು.

ಮೊದಲ ಹೆಜ್ಜೆ: ಕಟ್ಟಡವನ್ನು ಎರಡು ಸಲ ಸುತ್ತಿ

ಮಾರಾಟಗಾರರನ್ನು ಕರೆಯುವ ಮೊದಲು, ಅಳತೆ ಟೇಪು ಹಿಡಿದು ನೀವೇ ಓಡಾಡಿ. ಬೆಳಿಗ್ಗೆ 10ಕ್ಕೆ ಒಮ್ಮೆ, ಸಂಜೆ 4ರಿಂದ 5ರ ನಡುವೆ ಇನ್ನೊಮ್ಮೆ. ಎರಡನೇ ಸುತ್ತನ್ನು ಬಿಡಬೇಡಿ. ನಮ್ಮಲ್ಲಿ ಪಶ್ಚಿಮಕ್ಕೆ, ಕಡಲಿನ ಕಡೆಗೆ ತೆರೆದ ಗಾಜಿನ ಬಾಗಿಲಿರುವ ಕಟ್ಟಡಗಳು ಬಹಳ. ಡಿಸೆಂಬರಿನಿಂದ ಮೇವರೆಗೆ ಸಂಜೆ ಬಿಸಿಲು ನೇರ ಒಳಗೆ ಬಂದು ಎದುರಿನ ಗೋಡೆಗೆ ಬೀಳುತ್ತದೆ. ಬೆಳಿಗ್ಗೆ ಚೆಂದ ಕಂಡ ಪರದೆ ಆ ಹೊತ್ತಿಗೆ ಕಪ್ಪು ಕನ್ನಡಿಯಾಗುತ್ತದೆ.

ಪ್ರತಿ ಜಾಗಕ್ಕೂ ಬರೆದುಕೊಳ್ಳಬೇಕಾದದ್ದು ಇಷ್ಟು: ಅತಿ ದೂರದ ಕುರ್ಚಿಯಿಂದ ಗೋಡೆಗೆ ಎಷ್ಟು ಮೀಟರ್, ಜನ ನಿಂತು ನೋಡುವರೋ ಕುಳಿತೋ, ಸರಾಸರಿ ಎಷ್ಟು ನಿಮಿಷ ಅಲ್ಲಿರುತ್ತಾರೆ, ಬಿಸಿಲು ಬೀಳುವುದೇ, ಗೋಡೆ ಕೆಂಪುಕಲ್ಲಿನದೋ, ಕಾಂಕ್ರೀಟೋ, ಸಿಮೆಂಟ್ ಬ್ಲಾಕೋ, ಜಿಪ್ಸಮ್ಮೋ, ಹತ್ತಿರದ ಪ್ಲಗ್ ಪಾಯಿಂಟ್ ಎಷ್ಟು ದೂರ. ಗೋಡೆಯ ಹೊರಬದಿ ಯಾವ ದಿಕ್ಕಿಗಿದೆ ಎಂಬುದನ್ನೂ ಸೇರಿಸಿ. ಮುಂಗಾರು ಗಾಳಿಮಳೆ ಬಡಿಯುವುದು ನೈಋತ್ಯದಿಂದ. ಪಶ್ಚಿಮ ಮತ್ತು ದಕ್ಷಿಣದ ಹೊರಗೋಡೆಗಳು ಜುಲೈ ಹೊತ್ತಿಗೆ ನೀರು ಹೀರಿ, ಒಳಮೈಯಲ್ಲಿ ತೇವ ಮೂಡಿಸುತ್ತವೆ. ಅಂಥ ಗೋಡೆಗೆ ಪರದೆ ಅಂಟಿಸಿದರೆ ಅದರ ಬೆನ್ನಿಗೆ ದಿನವಿಡೀ ಒದ್ದೆ ಬಟ್ಟೆ ಕಟ್ಟಿದಂತೆ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿದ ಗುರುತಿದ್ದರೆ ಬೇರೆ ಗೋಡೆ ಹುಡುಕಿ.

ಎರಡನೇ ಹೆಜ್ಜೆ: ಅಕ್ಷರದ ಎತ್ತರದಿಂದ ಪರದೆಯ ಅಳತೆಗೆ

ಆರಾಮವಾಗಿ ಓದಲು 10 ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಬೇಕು ಎಂಬುದು ಫಲಕ ಬರೆಯುವವರ ಹಳೆಯ ಲೆಕ್ಕ. ಅಂದರೆ ಮೀಟರಿಗೆ ಸುಮಾರು 8 ಮಿ.ಮೀ. ಇಲ್ಲಿ ಎತ್ತರವೆಂದರೆ ‘ಕ’ ಅಕ್ಷರದ ಒಡಲು. ಮೇಲಿನ ಗುಣಿತವನ್ನೂ ಕೆಳಗಿನ ಒತ್ತನ್ನೂ ಸೇರಿಸಿಕೊಳ್ಳಬಾರದು.

ಕಾಯುವ ಜಾಗದ ಕೊನೆಯ ಕುರ್ಚಿ 5 ಮೀಟರ್ ದೂರದಲ್ಲಿದೆ ಎನ್ನಿ. ಅಕ್ಷರದ ಒಡಲು 40 ಮಿ.ಮೀ. ಇರಬೇಕು. 55 ಇಂಚಿನ ಪರದೆಯ ಎತ್ತರ ಸುಮಾರು 680 ಮಿ.ಮೀ. ಅದರಲ್ಲಿ 1080 ಸಾಲು ಪಿಕ್ಸೆಲ್‌ಗಳಿದ್ದರೆ ಒಂದು ಪಿಕ್ಸೆಲ್ 0.63 ಮಿ.ಮೀ. ಆದ್ದರಿಂದ 40 ಮಿ.ಮೀ. ಎಂದರೆ ಸುಮಾರು 63 ಪಿಕ್ಸೆಲ್. ಆದರೆ ಫಾಂಟ್ ಸೈಜ್ 63 ಎಂದು ಕೊಟ್ಟರೆ ಅಷ್ಟು ದೊಡ್ಡ ಒಡಲು ಬರುವುದಿಲ್ಲ. ಬಹುತೇಕ ಕನ್ನಡ ಫಾಂಟುಗಳಲ್ಲಿ ಒಡಲಿನ ಎತ್ತರ ಫಾಂಟ್ ಸೈಜಿನ ಅರ್ಧದ ಆಸುಪಾಸಿನಲ್ಲಿರುತ್ತದೆ. ಹಾಗಾಗಿ ಸೈಜ್ 120 ಬೇಕು. ‘ಶಸ್ತ್ರಚಿಕಿತ್ಸೆ’ಯಂಥ ಪದದಲ್ಲಿ ಒತ್ತುಗಳು ಕೆಳಗಿನ ಸಾಲಿನ ತಲೆಗೆ ತಾಗದಿರಲು ಸಾಲಿನ ಅಂತರ ಒಂದೂವರೆ ಪಟ್ಟು, ಅಂದರೆ 180 ಪಿಕ್ಸೆಲ್. 1080ನ್ನು 180ರಿಂದ ಭಾಗಿಸಿದರೆ ಆರು.

ಎಂದರೆ 5 ಮೀಟರ್ ದೂರದಿಂದ 55 ಇಂಚಿನ ಪರದೆಯಲ್ಲಿ ಓದಲು ಸಿಗುವುದು ಆರೇ ಸಾಲು ಕನ್ನಡ. ದೂರ 10 ಮೀಟರಾದರೆ ಮೂರು ಸಾಲು. 43 ಇಂಚಿನ ಪರದೆಯ ಎತ್ತರ ಸುಮಾರು 529 ಮಿ.ಮೀ.; ಅದರಲ್ಲಿ 5 ಮೀಟರಿಗೆ ನಾಲ್ಕೂವರೆ ಸಾಲು. 4ಕೆ ಪರದೆ ತಂದರೆ ಅಕ್ಷರದ ಅಂಚು ನಯವಾಗುತ್ತದೆಯೇ ಹೊರತು ಸಾಲುಗಳ ಸಂಖ್ಯೆ ಹೆಚ್ಚುವುದಿಲ್ಲ, ಏಕೆಂದರೆ ಓದುವ ಕಣ್ಣಿಗೆ ಬೇಕಾದದ್ದು ಮಿಲಿಮೀಟರ್. ಹದಿನಾಲ್ಕು ವೈದ್ಯರ ಹೆಸರು, ಕೊಠಡಿ, ಸಮಯ ಎಲ್ಲವನ್ನೂ ಒಂದೇ ಪುಟದಲ್ಲಿ ತೋರಿಸಬೇಕೆಂಬ ಆಸೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅದನ್ನು ಮೂರು ಪುಟ ಮಾಡಿ, ಇಲ್ಲವೇ ಜನ ಹತ್ತಿರ ನಿಂತು ಓದುವ ಜಾಗದಲ್ಲಿ ಪರದೆಯನ್ನು ಉದ್ದಕ್ಕೆ ನಿಲ್ಲಿಸಿ.

ಈ ಲೆಕ್ಕ ನಂಬಿಕೆ ಬರಲಿಲ್ಲವೆಂದರೆ ಒಂದು ಸುಲಭ ಪರೀಕ್ಷೆಯಿದೆ. ಪುಟವನ್ನು ಪರದೆಯ ನಿಜ ಅಳತೆಗೆ ಕಾಗದದ ಮೇಲೆ ಮುದ್ರಿಸಿ ಗೋಡೆಗೆ ಅಂಟಿಸಿ. ಕೊನೆಯ ಕುರ್ಚಿಯಲ್ಲಿ ಅರವತ್ತು ದಾಟಿದವರೊಬ್ಬರನ್ನು ಕೂರಿಸಿ ಓದಿಸಿ.

ಮೂರನೇ ಹೆಜ್ಜೆ: ಕನ್ನಡ ಸರಿಯಾಗಿ ಮೂಡುತ್ತದೆಯೇ?

ಹಣ ಕೊಟ್ಟು ಮುಗಿದ ಮೇಲೆ ಬಯಲಾಗುವ ದೋಷಗಳಲ್ಲಿ ಇದೇ ಮೊದಲನೆಯದು. ಪರದೆ, ಪ್ಲೇಯರ್ (ಪುಟಗಳನ್ನು ಪರದೆಗೆ ಕಳುಹಿಸುವ ಪುಟ್ಟ ಕಂಪ್ಯೂಟರ್), ಸಾಫ್ಟ್‌ವೇರ್ ಎಲ್ಲ ಬಂದಿರುತ್ತವೆ, ಆದರೆ ‘ಕ್ಷ’ ಒಡೆದು ‘ಕ್‌ಷ’ ಆಗಿರುತ್ತದೆ, ಅಥವಾ ಸಾಲಿಡೀ ಚೌಕದ ಡಬ್ಬಿಗಳು. ಕಾರಣಗಳು ಮೂರು, ಮೂರಕ್ಕೂ ಮದ್ದು ಬೇರೆ.

ಡಬ್ಬಿಗಳು ಕಂಡರೆ ಪ್ಲೇಯರಿನಲ್ಲಿ ಕನ್ನಡ ಫಾಂಟೇ ಇಲ್ಲ. ನೋಟೊ ಸಾನ್ಸ್ ಕನ್ನಡ, ಅನೆಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಉಚಿತವಾಗಿ ಸಿಗುವ ಯುನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ) ಫಾಂಟುಗಳು. ಸಾಫ್ಟ್‌ವೇರಿಗೆ ಫಾಂಟ್ ಏರಿಸುವ ಸೌಲಭ್ಯವಿದ್ದರೆ ಸಾಕು. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡರೆ, ಕಚೇರಿಯವರು ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ಅಂಟಿಸಿದ್ದಾರೆ ಎಂದರ್ಥ. ಅದನ್ನು ಯುನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು. ಅಕ್ಷರಗಳಿದ್ದೂ ಒತ್ತುಗಳು ಬಿಡಿಬಿಡಿಯಾಗಿ ಬಿದ್ದಿದ್ದರೆ, ಆ ಸಾಫ್ಟ್‌ವೇರಿಗೆ ಭಾರತೀಯ ಲಿಪಿಗಳ ಅಕ್ಷರ ಜೋಡಣೆ ಗೊತ್ತಿಲ್ಲ. ಅಗ್ಗದ ಎಲ್‌ಇಡಿ ನಿಯಂತ್ರಕಗಳಲ್ಲಿ ಇದು ಸಾಮಾನ್ಯ. ಅಲ್ಲಿ ಫಾಂಟ್ ಬದಲಿಸಿ ಪ್ರಯೋಜನವಿಲ್ಲ. ಪುಟವನ್ನು ಚಿತ್ರ ಮಾಡಿ ಕಳುಹಿಸಬೇಕು, ಅಥವಾ ಬೇರೆ ಸಾಫ್ಟ್‌ವೇರ್ ಆರಿಸಬೇಕು.

ಖರೀದಿಗೆ ಮುನ್ನ ಮಾರಾಟಗಾರರ ಪ್ಲೇಯರಿನಲ್ಲೇ ಈ ಪದಗಳನ್ನು ಹಾಕಿ ನೋಡಿ: ಸ್ತ್ರೀರೋಗ, ಅರ್ಥಶಾಸ್ತ್ರ, ಕ್ಷ-ಕಿರಣ, ಜ್ಞಾನ, ದಂತ್ಯ, ರಾಷ್ಟ್ರೀಯ, ಕೈಗಾರಿಕೆ. ಅರ್ಕಾವತ್ತು, ಎರಡು ಒತ್ತು, ದೀರ್ಘ ಎಲ್ಲವೂ ಇವುಗಳಲ್ಲಿ ಬರುತ್ತವೆ. ಸ್ಥಿರ ಪುಟ, ಓಡುವ ಸಾಲು ಎರಡರಲ್ಲೂ ಪರೀಕ್ಷಿಸಿ. ಓಡುವ ಸಾಲಿನ ಭಾಗ ಬೇರೆಯೇ ತಂತ್ರಾಂಶದಿಂದ ಮೂಡುವುದುಂಟು. ಮೇಲೆ ಸರಿ ಕಂಡದ್ದು ಕೆಳಗೆ ಒಡೆದಿರುತ್ತದೆ.

ಭಾಷೆಯ ವಿಷಯವನ್ನೂ ಇಲ್ಲೇ ತೀರ್ಮಾನಿಸಿ. ಮಂಗಳೂರಿನ ಆಸ್ಪತ್ರೆಗೆ ಕಾಸರಗೋಡಿನಿಂದ ಮಲಯಾಳ ಓದುವವರು ಬರುತ್ತಾರೆ, ಮಣಿಪಾಲದಲ್ಲಿ ದೇಶದ ಎಲ್ಲೆಡೆಯ ವಿದ್ಯಾರ್ಥಿಗಳಿದ್ದಾರೆ. ಮೂರು ಭಾಷೆಯ ಪುಟಗಳನ್ನು ಒಂದರ ಹಿಂದೆ ಒಂದು ತಿರುಗಿಸಿದರೆ, ತನ್ನ ಭಾಷೆ ಬರುವಷ್ಟರಲ್ಲಿ ರೋಗಿಯ ಸರದಿ ದಾಟಿರುತ್ತದೆ. ಟೋಕನ್ ಸಂಖ್ಯೆ, ಕೊಠಡಿ ಸಂಖ್ಯೆ, ಬಾಣದ ಗುರುತು ಕದಲದೆ ನಿಲ್ಲಲಿ, ಪದಗಳು ಮಾತ್ರ ಬದಲಾಗಲಿ. ಟೋಕನ್ನಿಗೆ 1, 2, 3 ಅಂಕಿಗಳೇ ಎಲ್ಲರಿಗೂ ತಿಳಿಯುತ್ತವೆ. ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವುದು ಸುಲಭ, ಕಾಯುವ ಹಿರಿಯರಿಗೆ ಆಪ್ತ. ತುಳು ಲಿಪಿ 2024ರಲ್ಲಿ ಯುನಿಕೋಡಿಗೆ ಸೇರಿದ್ದು ಸಂತೋಷದ ಸಂಗತಿ. ಆದರೆ ಸಂಕೇತ ಸಿಕ್ಕ ಮಾತ್ರಕ್ಕೆ ಪರದೆಯಲ್ಲಿ ಮೂಡುವುದಿಲ್ಲ. ಅದನ್ನು ಬಲ್ಲ ಫಾಂಟು ಪ್ಲೇಯರಿನಲ್ಲಿರಬೇಕು. ಸದ್ಯ ತುಳು ಲಿಪಿಯ ಸಾಲನ್ನು ಚಿತ್ರವಾಗಿಯೇ ಸೇರಿಸಿ.

ನಾಲ್ಕನೇ ಹೆಜ್ಜೆ: ಯಾವ ಬಗೆಯ ಪರದೆ?

ಮನೆಯ ಟಿವಿಗೂ ವೃತ್ತಿಪರ ಪರದೆಗೂ ಇರುವ ಬೆಲೆಯ ಅಂತರ ನೋಡಿ ಆಡಳಿತ ಮಂಡಳಿ ಟಿವಿಯ ಕಡೆಗೇ ವಾಲುತ್ತದೆ. ಎಲ್ಲ ಕಡೆಗೂ ವೃತ್ತಿಪರ ಪರದೆ ಬೇಕು ಎಂದು ಹಟ ಹಿಡಿಯಬೇಕಾಗಿಲ್ಲ. ನಮ್ಮ ಏಳರಲ್ಲಿ ಕ್ಯಾಂಟೀನಿನ ಪರದೆ ಮನೆಯ ಟಿವಿಯಾದರೂ ನಡೆಯುತ್ತದೆ: ದಿನಕ್ಕೆ ಎಂಟು ಗಂಟೆ, ಅಡ್ಡಕ್ಕೆ, ನೆರಳಿನಲ್ಲಿ, ಕೆಟ್ಟರೆ ಯಾರಿಗೂ ತೊಂದರೆಯಿಲ್ಲ. ಟೋಕನ್ ತೋರಿಸುವ ಪರದೆಗಳಿಗೆ ಆ ರಿಯಾಯಿತಿ ಬೇಡ.

ಮನೆಯ ಟಿವಿಯ ಬೆಳಕು ಸಾಮಾನ್ಯವಾಗಿ 250ರಿಂದ 350 ನಿಟ್ಸ್ (ಪರದೆಯ ಪ್ರಖರತೆಯ ಅಳತೆ). ಟ್ಯೂಬ್‌ಲೈಟ್ ಬೆಳಕಿನ ಒಳಕೋಣೆಗೆ ಸಾಕು. ಕಿಟಕಿ ಬೆಳಕು ಬೀಳುವ ಸಭಾಂಗಣಕ್ಕೆ 500ರಿಂದ 700 ಬೇಕು. ಗಾಜಿನ ಹಿಂದೆ ನಿಂತು ಬೀದಿಗೆ ಮುಖ ಮಾಡಿದ ಪರದೆಗೆ, ಹೊರಗಿನ ಪರದೆಗೆ 2500 ಅಥವಾ ಅದಕ್ಕೂ ಮೇಲೆ. ಬೆಳಕಿಗಿಂತ ಹೆಚ್ಚು ಕಾಡುವುದು ಬೇರೆ ಸಣ್ಣ ವಿಷಯ. ಕರೆಂಟು ಹೋಗಿ ಬಂದಾಗ ಅನೇಕ ಟಿವಿಗಳು ಸ್ಟ್ಯಾಂಡ್‌ಬೈಯಲ್ಲೇ ನಿಲ್ಲುತ್ತವೆ. ಯಾರಾದರೂ ರಿಮೋಟ್ ಹುಡುಕಿ ಒತ್ತಬೇಕು. ನಾಲ್ಕು ಗಂಟೆ ಯಾರೂ ಗುಂಡಿ ಒತ್ತದಿದ್ದರೆ ತಾನೇ ಆರುವ ವ್ಯವಸ್ಥೆಯೂ ಕೆಲವದರಲ್ಲಿದೆ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟು ಮಿಣುಕುವ ಊರಿನಲ್ಲಿ ಇದು ದಿನನಿತ್ಯದ ಕಿರಿಕಿರಿ. ವೃತ್ತಿಪರ ಪರದೆಯಲ್ಲಿ ‘ವಿದ್ಯುತ್ ಬಂದ ಕೂಡಲೇ ಚಾಲೂ’ ಎಂಬ ಆಯ್ಕೆ ಇರುತ್ತದೆ.

ದಿನಕ್ಕೆ 16 ಗಂಟೆಯ ದರ್ಜೆ, 24 ಗಂಟೆಯ ದರ್ಜೆ ಎಂದು ಎರಡಿವೆ. ತುರ್ತು ಚಿಕಿತ್ಸಾ ವಿಭಾಗಕ್ಕೆ ಮಾತ್ರ ಎರಡನೆಯದು. ಉದ್ದಕ್ಕೆ ನಿಲ್ಲಿಸುವುದಾದರೆ ತಯಾರಕರು ಅದಕ್ಕೆ ಒಪ್ಪಿದ್ದಾರೆಯೇ ಎಂದು ಲಿಖಿತವಾಗಿ ಕೇಳಿ. ಅಡ್ಡಕ್ಕೆಂದು ಮಾಡಿದ ಪರದೆಯನ್ನು ನಿಲ್ಲಿಸಿದಾಗ ಬಿಸಿಗಾಳಿಯ ದಾರಿ ಬದಲಾಗಿ ಒಂದು ಬದಿ ಕಾಯುತ್ತದೆ. ಒಎಲ್‌ಇಡಿ ಈ ಕೆಲಸಕ್ಕೆ ಬೇಡವೇ ಬೇಡ, ದಿನವಿಡೀ ನಿಂತ ಲಾಂಛನ ಅದರಲ್ಲಿ ಅಚ್ಚೊತ್ತುತ್ತದೆ. ಎಲ್‌ಸಿಡಿಯಲ್ಲೂ ಒಂದೇ ಚಿತ್ರ ತಿಂಗಳುಗಟ್ಟಲೆ ನಿಂತರೆ ನೆರಳು ಉಳಿಯುತ್ತದೆ. ಲಾಂಛನದ ಜಾಗವನ್ನು ವಾರಕ್ಕೊಮ್ಮೆ ಸರಿಸಿ.

ಖಾತರಿಯ ಷರತ್ತು ಓದಿ. ಮನೆಬಳಕೆಯ ಟಿವಿಯನ್ನು ವಾಣಿಜ್ಯ ಜಾಗದಲ್ಲಿ ಹಾಕಿದರೆ ಖಾತರಿ ಅನ್ವಯಿಸದು ಎಂಬ ಸಾಲು ಹಲವು ಕಾರ್ಡುಗಳಲ್ಲಿ ಇರುತ್ತದೆ. ಪರದೆಯ ಹಿಂಬದಿಯಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಸಂಖ್ಯೆ ಇರಬೇಕು. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿ, ಮಾನಿಟರುಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ಕೊಟೇಶನ್ ಕೈಯಲ್ಲಿದ್ದರೆ ಹೊಸದಾಗಿ ಕೇಳಿ.

ಎಲ್‌ಇಡಿ ಗೋಡೆ ಮತ್ತು ಓಡುವ ಅಕ್ಷರದ ಫಲಕ

ಹೊರದ್ವಾರಕ್ಕೆ ಎಲ್‌ಸಿಡಿಯ ಬದಲು ಎಲ್‌ಇಡಿ ಮಾಡ್ಯೂಲುಗಳ ಫಲಕ ಹಾಕುವವರೇ ಹೆಚ್ಚು. ಪಿ3, ಪಿ5, ಪಿ10 ಎಂಬಲ್ಲಿ ಅಂಕಿ ಎರಡು ದೀಪಗಳ ನಡುವಿನ ಅಂತರ, ಮಿಲಿಮೀಟರಿನಲ್ಲಿ. ಚಿತ್ರ ಕೂಡಿಕೊಂಡು ಕಾಣಲು ಅಷ್ಟೇ ಮೀಟರಾದರೂ ದೂರ ನಿಲ್ಲಬೇಕು ಎಂಬುದು ಒರಟು ಅಂದಾಜು: ಪಿ5 ಆದರೆ 5 ಮೀಟರ್.

ಪಿ10ರ ಒಂದು ಮಾಡ್ಯೂಲ್ 320×160 ಮಿ.ಮೀ.; ಅದರಲ್ಲಿ ಅಡ್ಡಕ್ಕೆ 32, ಎತ್ತರಕ್ಕೆ 16 ದೀಪ. ಇಂಗ್ಲಿಷಿಗೆ 16 ಸಾಲು ಧಾರಾಳ. ಕನ್ನಡಕ್ಕೆ ಸಾಲದು. ಒಡಲಿಗೆ ಹತ್ತು ಸಾಲು ಹೋದರೆ ಗುಣಿತಕ್ಕೂ ಒತ್ತಿಗೂ ಉಳಿಯುವುದು ಆರೇ; ಅಷ್ಟರಲ್ಲಿ ತುರುಕಿದಾಗ ‘ತ’ ಒತ್ತು, ‘ನ’ ಒತ್ತು ಎರಡೂ ಒಂದೇ ಚುಕ್ಕೆಯಾಗುತ್ತವೆ. ಎರಡು ಮಾಡ್ಯೂಲನ್ನು ಒಂದರ ಮೇಲೊಂದು ಇಟ್ಟು 32 ಸಾಲು ಮಾಡಿ. ಖರ್ಚು ದ್ವಿಗುಣವಾಗುತ್ತದೆ, ನಿಜ. ಆದರೆ ಓದಲಾಗದ ಕನ್ನಡ ಹಾಕುವುದಕ್ಕಿಂತ ಫಲಕದ ಉದ್ದವನ್ನೇ ಕಡಿಮೆ ಮಾಡುವುದು ಮೇಲು.

ಹೊರಗಿನ ಈ ಬಗೆಯ ಫಲಕಕ್ಕೆ 5000 ನಿಟ್ಸ್ ಬೇಕು, ಧೂಳು-ನೀರು ತಡೆಯುವ ದರ್ಜೆ ಮುಂಬದಿ ಐಪಿ65, ಹಿಂಬದಿ ಕನಿಷ್ಠ ಐಪಿ54. ರಾತ್ರಿ ಅದೇ ಬೆಳಕು ರಸ್ತೆಯ ಚಾಲಕರ ಕಣ್ಣು ಕುಕ್ಕುತ್ತದೆ. ಬೆಳಕಿಗೆ ತಕ್ಕಂತೆ ತಗ್ಗುವ ಸಂವೇದಕ ಇರಲಿ. ರಸ್ತೆಗೆ ಮುಖ ಮಾಡಿದ್ದರೆ ಮಹಾನಗರ ಪಾಲಿಕೆ ಅಥವಾ ನಗರಸಭೆಯ ಅನುಮತಿಯನ್ನು ಮೊದಲೇ ಕೇಳಿ. ನಾಮಫಲಕವಾಗಿ ಬಳಸುವುದಾದರೆ ಶೇ 60ರಷ್ಟು ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕೆಂಬ ರಾಜ್ಯದ ನಿಯಮ ನೆನಪಿರಲಿ.

ಐದನೇ ಹೆಜ್ಜೆ: ಪ್ಲೇಯರ್ ಮತ್ತು ಸಾಫ್ಟ್‌ವೇರ್

ಪರದೆಯೊಳಗೇ ಕಂಪ್ಯೂಟರ್ ಇರುವ ಮಾದರಿಗಳಿವೆ. ಎಲ್‌ಜಿಯ ವೆಬ್‌ಓಎಸ್, ಸ್ಯಾಮ್‌ಸಂಗಿನ ಟೈಜೆನ್ ಇದಕ್ಕೆ ಉದಾಹರಣೆ. ತಂತಿ ಕಡಿಮೆ, ಕೆಡುವ ವಸ್ತುವೂ ಕಡಿಮೆ. ಆದರೆ ಐದು ವರ್ಷದ ನಂತರ ಅದರ ತಂತ್ರಾಂಶ ಹಳತಾದರೆ ಇಡೀ ಪರದೆ ಹಳತು. ಪ್ರತ್ಯೇಕ ಪ್ಲೇಯರ್ ಇದ್ದರೆ ಅದನ್ನಷ್ಟೇ ಬದಲಿಸಬಹುದು. ಏಳು ಪರದೆಯ ಮಟ್ಟಕ್ಕೆ ಪ್ರತ್ಯೇಕ ಪ್ಲೇಯರೇ ಒಳ್ಳೆಯದು, ಪರದೆಯ ಬೆನ್ನಿಗೇ ಕಟ್ಟಿದ್ದು. ದೂರದ ಕೋಣೆಯಲ್ಲಿಟ್ಟು ಉದ್ದದ ಎಚ್‌ಡಿಎಂಐ ಎಳೆಯಬೇಡಿ. ಸಾದಾ ತಂತಿ ಹತ್ತು ಮೀಟರ್ ದಾಟಿದರೆ ಚಿತ್ರ ಮಿನುಗುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ.

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರನ್ನು ಪ್ಲೇಯರಾಗಿ ಬಳಸುವವರು ಎರಡು ವಿಷಯ ತಿಳಿದಿರಬೇಕು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಮೆಮೊರಿ ಕಾರ್ಡ್ ಕೆಡುತ್ತದೆ. ಎಸ್‌ಎಸ್‌ಡಿಯಿಂದ ಚಾಲೂ ಆಗುವಂತೆ ಮಾಡಿ, ಅಥವಾ ಕಾರ್ಡನ್ನು ಓದುವುದಕ್ಕಷ್ಟೇ ಸೀಮಿತಗೊಳಿಸಿ. ಇನ್ನೊಂದು, ಪೈ 4ರಲ್ಲಿ ಗಡಿಯಾರದ ಬ್ಯಾಟರಿ ಇಲ್ಲ. ಕರೆಂಟು ಬಂದು ಇಂಟರ್ನೆಟ್ ಬಾರದಿದ್ದರೆ ಅದಕ್ಕೆ ಹೊತ್ತು ಗೊತ್ತಾಗುವುದಿಲ್ಲ, ಬೆಳಗಿನ ಪುಟ ಸಂಜೆಗೆ ಮೂಡುತ್ತದೆ. ಪೈ 5ರಲ್ಲಿ ಗಡಿಯಾರವಿದೆ, ಬ್ಯಾಟರಿಯನ್ನು ಬೇರೆಯಾಗಿ ಕೊಳ್ಳಬೇಕು. ಬ್ರೈಟ್‌ಸೈನ್ ಪ್ಲೇಯರುಗಳು ದುಬಾರಿ. ಆದರೆ ಬೆಂಕಿ ಎಚ್ಚರಿಕೆಯ ಗಂಟೆಗೆ ಜೋಡಿಸುವ ಸೌಲಭ್ಯ ಬೇಕಾದಲ್ಲಿ ಆ ಹಣ ಸಾರ್ಥಕ. ತುರ್ತು ನಿರ್ಗಮನದ ಫಲಕಕ್ಕೆ ಮಾತ್ರ ಡಿಜಿಟಲ್ ಪರದೆ ಬದಲಿಯಲ್ಲ. ಅದು ತನ್ನದೇ ಬ್ಯಾಟರಿಯೊಡನೆ ಬೇರೆಯೇ ಇರಬೇಕು.

ಸಾಫ್ಟ್‌ವೇರಿನಲ್ಲಿ ಕ್ಸಿಬೊ ಮುಕ್ತ ತಂತ್ರಾಂಶ. ಸ್ವಂತ ಸರ್ವರಿನಲ್ಲಿ ಇಡಬಹುದು, ವಿಂಡೋಸ್ ಮತ್ತು ಲಿನಕ್ಸ್ ಪ್ಲೇಯರಿಗೆ ಶುಲ್ಕವಿಲ್ಲ, ಆಂಡ್ರಾಯ್ಡಿಗೆ ಇದೆ. ಒಂದೆರಡು ಪರದೆಗೆ ಆಂಥಿಯಾಸ್ ಸಾಕು. ಯೋಡೆಕ್‌ನಂಥವು ತಿಂಗಳ ಬಾಡಿಗೆಯವು. ಆರಿಸುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಇಂಟರ್ನೆಟ್ ಮೂರು ದಿನ ಇಲ್ಲದಿದ್ದರೆ ಪರದೆ ಏನು ತೋರಿಸುತ್ತದೆ? ಪುಟಗಳನ್ನು ಪ್ಲೇಯರಿನಲ್ಲೇ ಉಳಿಸಿಕೊಂಡು ನಡೆಸಬೇಕು. ಮಾರಾಟಗಾರರ ಎದುರೇ ತಂತಿ ಕಿತ್ತು, ಪ್ಲೇಯರನ್ನು ಆರಿಸಿ ಮತ್ತೆ ಹಚ್ಚಿ ನೋಡಿ.

ಆರನೇ ಹೆಜ್ಜೆ: ಜಾಲ

ಪ್ರತಿ ಪರದೆಗೂ ಕ್ಯಾಟ್ 6 ತಂತಿ, ಜಾಲದ ಸ್ವಿಚ್ಚಿನಿಂದ (ಈ ತಂತಿಗಳೆಲ್ಲ ಬಂದು ಸೇರುವ ಪೆಟ್ಟಿಗೆ) 100 ಮೀಟರ್ ಒಳಗೆ. ಜನ ತುಂಬಿದ ಕಾಯುವ ಕೋಣೆಯಲ್ಲಿ ನೂರು ಮೊಬೈಲುಗಳ ನಡುವೆ ವೈಫೈ ನಂಬುವಂತಿಲ್ಲ, ಕೆಂಪುಕಲ್ಲಿನ ದಪ್ಪ ಗೋಡೆಯೂ ಅಲೆಯನ್ನು ನುಂಗುತ್ತದೆ. ಭಾರ ಹೆಚ್ಚೇನಲ್ಲ: ಸೆಕೆಂಡಿಗೆ 8 ಮೆಗಾಬಿಟ್ಟಿನ ವೀಡಿಯೊ 30 ಸೆಕೆಂಡಿಗೆ 30 ಎಂಬಿ. ಇಪ್ಪತ್ತು ವೀಡಿಯೊಗೆ 600 ಎಂಬಿ, ಏಳು ಪರದೆಗೆ 4.2 ಜಿಬಿ. ರಾತ್ರಿ ಹೊತ್ತು ಇಳಿಸಿಕೊಳ್ಳಲಿ. ಪರದೆಗಳನ್ನು ಆಸ್ಪತ್ರೆಯ ರೋಗಿ ದಾಖಲೆಯ ಜಾಲದಿಂದ ಬೇರ್ಪಡಿಸಿದ ವಿಲ್ಯಾನಿನಲ್ಲಿ (ಅದೇ ಸ್ವಿಚ್ಚಿನೊಳಗೆ ಪ್ರತ್ಯೇಕವಾಗಿ ನಡೆಯುವ ಜಾಲ) ಇಡಿ, ಕಾರ್ಖಾನೆಯ ಪಾಸ್‌ವರ್ಡ್ ಬದಲಿಸಿ, ಕೈಗೆಟಕುವ ಯುಎಸ್‌ಬಿ ಕಿಂಡಿಗಳನ್ನು ಮುಚ್ಚಿ.

ಏಳನೇ ಹೆಜ್ಜೆ: ಕರೆಂಟು ಮತ್ತು ಸಿಡಿಲು

ಕರಾವಳಿಯಲ್ಲಿ ಫಲಕಗಳನ್ನು ಕೊಲ್ಲುವುದು ಮಳೆಗಿಂತ ಹೆಚ್ಚಾಗಿ ಮಳೆಯ ಹಿಂದುಮುಂದಿನ ಸಿಡಿಲು. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನ ಸಂಜೆಗಳೇ ಅಪಾಯದ ಹೊತ್ತು. ಸಿಡಿಲು ಕಟ್ಟಡಕ್ಕೇ ಬಡಿಯಬೇಕೆಂದಿಲ್ಲ. ಅರ್ಧ ಕಿಲೋಮೀಟರ್ ಆಚೆ ಬಿದ್ದದ್ದು ವಿದ್ಯುತ್ ತಂತಿ, ಜಾಲದ ತಂತಿ, ಕೇಬಲ್ ಮೂರರಲ್ಲೂ ಹರಿದು ಬರುತ್ತದೆ.

ಮಹಡಿಯ ವಿತರಣಾ ಪೆಟ್ಟಿಗೆಯಲ್ಲಿ ಟೈಪ್ 2 ಸರ್ಜ್ ರಕ್ಷಕ (ವೋಲ್ಟೇಜಿನ ದಿಢೀರ್ ಏರಿಕೆಯನ್ನು ನೆಲಕ್ಕೆ ಹರಿಸುವ ಉಪಕರಣ) ಹಾಕಿಸಿ. ಕಟ್ಟಡಕ್ಕೆ ಮಿಂಚುವಾಹಕವಿದ್ದರೆ ಮುಖ್ಯ ಪೆಟ್ಟಿಗೆಯಲ್ಲಿ ಟೈಪ್ 1 ಕೂಡ ಬೇಕು. ರಕ್ಷಕ ಇದ್ದೂ ಉಪಕರಣ ಸುಡುವುದಕ್ಕೆ ಕಾರಣ ಎರಡು: ಅದಕ್ಕೆ ಜೋಡಿಸಿದ ತಂತಿ ಅರ್ಧ ಮೀಟರಿಗಿಂತ ಉದ್ದವಾಗಿ ಸುತ್ತಿ ಬಂದಿರುತ್ತದೆ, ಇಲ್ಲವೇ ಅರ್ಥಿಂಗ್ ಕೆಟ್ಟಿರುತ್ತದೆ. ಅರ್ಥಿಂಗ್ ರೋಧವನ್ನು ಬೇಸಿಗೆಯ ಕೊನೆಗೆ, ನೆಲ ಒಣಗಿದಾಗ ಅಳೆಸಿ. ಆಗಲೂ 5 ಓಮಿನೊಳಗೆ ಇದ್ದರೆ ನೆಮ್ಮದಿ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ ಗುಡ್ಡದ ಮೇಲಿನ ಕಟ್ಟಡಗಳಿಗೆ ಒಂದು ಗುಂಡಿ ಸಾಲದು, ಎರಡು-ಮೂರನ್ನು ಜೋಡಿಸಬೇಕಾಗುತ್ತದೆ.

ಒಂದು ಕಟ್ಟಡದಿಂದ ಇನ್ನೊಂದಕ್ಕೆ, ಅಥವಾ ಗೇಟಿನ ಫಲಕಕ್ಕೆ ಜಾಲ ಒಯ್ಯುವಾಗ ತಾಮ್ರದ ತಂತಿ ಬೇಡ, ಲೋಹದ ಕವಚವಿಲ್ಲದ ಫೈಬರ್ ಎಳೆಯಿರಿ. ಫೈಬರಿನಲ್ಲಿ ಸಿಡಿಲಿನ ವಿದ್ಯುತ್ ಹರಿಯದು. ಇದೊಂದರಿಂದ ಜಾಲದ ಇಡೀ ಸ್ವಿಚ್ ಉಳಿಯುತ್ತದೆ.

ಇನ್ನೊಂದು ಅಪಾಯ ನ್ಯೂಟ್ರಲ್ ಕಡಿಯುವುದು. ಗಾಳಿಗೆ ಮರ ಬಿದ್ದು ನ್ಯೂಟ್ರಲ್ ತಂತಿ ತುಂಡಾದರೆ 230 ವೋಲ್ಟಿನ ಜಾಗಕ್ಕೆ 400ರ ಹತ್ತಿರ ನುಗ್ಗುತ್ತದೆ. ಸರ್ಜ್ ರಕ್ಷಕ ಇದನ್ನು ತಡೆಯುವುದಿಲ್ಲ, ಅದು ಕ್ಷಣಮಾತ್ರದ ಏರಿಕೆಗೆ ಮಾತ್ರ. ಹೆಚ್ಚು-ಕಡಿಮೆ ವೋಲ್ಟೇಜಿಗೆ ಕಡಿದುಕೊಳ್ಳುವ ರಿಲೇ ಪ್ರತ್ಯೇಕವಾಗಿ ಬೇಕು. ಅದು ಕರೆಂಟು ಬಂದ ಮೇಲೆ ಎರಡು-ಮೂರು ನಿಮಿಷ ತಡೆದು ಜೋಡಿಸುವಂತಿರಲಿ. ಹೊರಗಿನ ಫಲಕದ ಸಾಲಿಗೆ ಕರೆಂಟು ಸೋರಿದರೆ ತಾನೇ ಕಡಿದುಕೊಳ್ಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಕಡ್ಡಾಯ. ಮಳೆಯಲ್ಲಿ ಲೋಹದ ಚೌಕಟ್ಟನ್ನು ಜನ ಮುಟ್ಟುತ್ತಾರೆ.

55 ಇಂಚಿನ ಪರದೆಗೆ 120 ವ್ಯಾಟ್ ಎಂದು ಹಿಡಿದರೆ, ಒಳಗಿನ ಆರು ಪರದೆ 14 ಗಂಟೆಗೆ ಸುಮಾರು 10 ಯೂನಿಟ್ ಉರಿಸುತ್ತವೆ. ಟೋಕನ್ ಪರದೆಗಳನ್ನು ಯುಪಿಎಸ್‌ಗೆ ಜೋಡಿಸಿ, ಪೂರ್ಣ ಸೈನ್ ಅಲೆಯದ್ದಕ್ಕೆ. ಉಳಿದವುಗಳಲ್ಲಿ ಪ್ಲೇಯರಿಗಷ್ಟೇ ಕೊಟ್ಟರೂ ಸಾಕು.

ಎಂಟನೇ ಹೆಜ್ಜೆ: ಗೋಡೆಗೆ ಹಾಕುವುದು

ಕೆಂಪುಕಲ್ಲು ನೋಡಲು ಗಟ್ಟಿ, ಒಳಗೆ ಜೇನುಗೂಡಿನಂತೆ ತೂತು. ಕಾಂಕ್ರೀಟಿಗೆ ಬಳಸುವ ಹಿಗ್ಗುವ ಬೋಲ್ಟನ್ನು ಬಿಗಿದಂತೆ ಸುತ್ತಲಿನ ಕಲ್ಲು ಪುಡಿಯಾಗುತ್ತದೆ. ಮೊದಲ ದಿನ ಬಿಗಿ ಕಂಡರೂ ಮಳೆಗಾಲದ ತೇವಕ್ಕೆ ಸಡಿಲವಾಗುತ್ತದೆ. ಮಾಡಬಹುದಾದದ್ದು ಇವು: ಹತ್ತಿರದ ಕಾಂಕ್ರೀಟ್ ಕಂಬ ಅಥವಾ ತೊಲೆಗೆ ಹಿಡಿಸುವುದು, ಗೋಡೆಯ ಆಚೆಬದಿ ಕೈಗೆ ಸಿಗುವುದಾದರೆ ಈಚೆಯಿಂದ ಆಚೆಗೆ ಹಾಯುವ ಬೋಲ್ಟ್ ತೂರಿಸಿ ಹಿಂದೆ ಲೋಹದ ತಟ್ಟೆ ಕೊಡುವುದು, ಎರಡೂ ಆಗದಿದ್ದರೆ ಜಾಲರಿ ಕೊಳವೆಯೊಡನೆ ರಾಸಾಯನಿಕ ಅಂಟಿನ ಬೋಲ್ಟ್. ಅಂಟು ಹಾಕುವ ಮೊದಲು ತೂತಿನ ಧೂಳನ್ನು ಬ್ರಷ್ಷಿನಿಂದ ತೆಗೆದು, ಊದಿ, ಮತ್ತೆ ಬ್ರಷ್ ಮಾಡಬೇಕು. ಕೆಂಪು ಧೂಳು ಉಳಿದರೆ ಅಂಟು ಧೂಳನ್ನು ಹಿಡಿಯುತ್ತದೆ, ಕಲ್ಲನ್ನಲ್ಲ. ಗೋಡೆಯ ಮೇಲೆ 18 ಮಿ.ಮೀ. ದಪ್ಪದ, ಐಎಸ್ 710 ಗುರುತಿನ ಮರೈನ್ ಪ್ಲೈವುಡ್ ಹಲಗೆಯನ್ನು ಎಂಟು ಕಡೆ ಹಿಡಿಸಿ ಅದರ ಮೇಲೆ ಪರದೆ ಹಾಕಿದರೆ ಭಾರ ಹಂಚಿಹೋಗುತ್ತದೆ.

ಪರದೆ 20 ಕಿಲೋ ಇದ್ದರೆ ಹಿಡಿತ 80 ಕಿಲೋ ತಾಳಬೇಕು. ಬೆನ್ನಿಗೂ ಗೋಡೆಗೂ ನಡುವೆ ಕನಿಷ್ಠ 50 ಮಿ.ಮೀ. ಗಾಳಿ ಬಿಡಿ. ಜನ ಕೆಳಗೆ ಓಡಾಡುವಲ್ಲಿ ಕೆಳಅಂಚು 2.4 ಮೀಟರ್ ಎತ್ತರ, ಪರದೆ 10ರಿಂದ 15 ಡಿಗ್ರಿ ಮುಂದಕ್ಕೆ ಬಾಗಲಿ. ಹಂಚಿನ ಮಾಡಿನ ಕಟ್ಟಡವಾದರೆ ಪರದೆಯ ನೇರ ಮೇಲೆ ಹಂಚು ಸೋರುವ ಗುರುತಿದೆಯೇ ನೋಡಿ.

ಬೋಲ್ಟು-ನಟ್ಟು ಹೊರಗಡೆಗೆ ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್) 316, ಒಳಗೆ 304. ಸತುವಿನ ಲೇಪದ ಸ್ಕ್ರೂ ಮಲ್ಪೆ, ಪಣಂಬೂರಿನಂಥ ಕಡಲಂಚಿನಲ್ಲಿ ಒಂದು ಮಳೆಗಾಲಕ್ಕೇ ತುಕ್ಕಿನ ಗೆರೆ ಇಳಿಸುತ್ತದೆ. ಅಲ್ಯುಮಿನಿಯಂ ಚೌಕಟ್ಟಿಗೆ ಸ್ಟೀಲ್ ಬೋಲ್ಟ್ ತಾಗುವಲ್ಲಿ ನೈಲಾನ್ ವಾಷರ್ ಹಾಕಿ, ಇಲ್ಲದಿದ್ದರೆ ಉಪ್ಪುತೇವದಲ್ಲಿ ಅಲ್ಯುಮಿನಿಯಂ ಕರಗುತ್ತದೆ. ಹೊರಗಿನ ಕೆಲಸವೆಲ್ಲ ಮೇ ಕೊನೆವಾರದ ಪತ್ತನಾಜೆಯೊಳಗೆ ಮುಗಿಯಲಿ. ಜೂನಿನಲ್ಲಿ ಹಚ್ಚಿದ ಸಿಲಿಕೋನ್ ಒದ್ದೆ ಮೇಲ್ಮೈಗೆ ಹಿಡಿಯುವುದಿಲ್ಲ.

ಒಂಬತ್ತನೇ ಹೆಜ್ಜೆ: ಕೊಟೇಶನ್ ಮತ್ತು ಪ್ರಯೋಗ

ಒಂದೇ ವಿವರಪಟ್ಟಿಯನ್ನು ಮೂವರಿಗೆ ಕೊಡಿ. ಪರದೆಯ ಮಾದರಿ ಸಂಖ್ಯೆ, ನಿಟ್ಸ್, ಗಂಟೆಯ ದರ್ಜೆ, ಬೋಲ್ಟಿನ ಲೋಹ, ಸರ್ಜ್ ರಕ್ಷಕದ ಬಗೆ, ಸಾಫ್ಟ್‌ವೇರಿನ ಮೂರು ವರ್ಷದ ಶುಲ್ಕ, ದುರಸ್ತಿಗೆ ಎಷ್ಟು ಗಂಟೆಯಲ್ಲಿ ಬರುವರು, ಬದಲಿ ಪರದೆ ಮಂಗಳೂರಿನಲ್ಲೇ ಇದೆಯೇ ಎಂಬುದೆಲ್ಲ ಲಿಖಿತವಾಗಿರಲಿ. ‘ಸಂಪೂರ್ಣ ಅಳವಡಿಕೆ’ ಎಂಬ ಒಂದೇ ಸಾಲಿನ ಕೊಟೇಶನ್ನನ್ನು ಹಿಂದಿರುಗಿಸಿ.

ಏಳನ್ನೂ ಒಟ್ಟಿಗೆ ತರಬೇಡಿ. ಅತಿ ಕಷ್ಟದ ಜಾಗದಲ್ಲಿ, ಅಂದರೆ ಜನ ಹೆಚ್ಚಿರುವ, ಬೆಳಕು ಬೀಳುವ ಕಾಯುವ ಕೋಣೆಯಲ್ಲಿ ಒಂದನ್ನು ಹಾಕಿ ಆರು ವಾರ ನೋಡಿ. ಸಾಧ್ಯವಿದ್ದರೆ ಆ ಆರು ವಾರಗಳಲ್ಲಿ ಮೇ ತಿಂಗಳ ಸಿಡಿಲೂ ಜೂನಿನ ಮೊದಲ ಮಳೆಯೂ ಸೇರಲಿ. ಪ್ಲೇಯರ್ ಎಷ್ಟು ಸಲ ನಿಂತಿತು, ನಿಂತದ್ದು ಯಾರಿಗೆ ಮೊದಲು ತಿಳಿಯಿತು ಎಂದು ಒಂದು ಪುಸ್ತಕದಲ್ಲಿ ಬರೆಯಿರಿ. ಮೊದಲು ತಿಳಿದದ್ದು ರೋಗಿಗೆ ಎಂದಾದರೆ, ದೂರದಿಂದ ನಿಗಾ ಇಡುವ ವ್ಯವಸ್ಥೆ ಕೆಲಸ ಮಾಡುತ್ತಿಲ್ಲ.

ಹತ್ತನೇ ಹೆಜ್ಜೆ: ಏನು ತೋರಿಸುವುದು, ಯಾರು ನೋಡಿಕೊಳ್ಳುವುದು

ಪುಟವೊಂದಕ್ಕೆ 8ರಿಂದ 10 ಸೆಕೆಂಡ್. ಸ್ವಾಗತ ಕೌಂಟರಿನಲ್ಲಿ ಜನ ಎರಡು ನಿಮಿಷ ನಿಲ್ಲುತ್ತಾರೆಂದರೆ ಅಲ್ಲಿಯ ಸುತ್ತು ಹನ್ನೆರಡು ಪುಟ ಮೀರಬಾರದು. ಮುಖ್ಯವಾದದ್ದು ಅದರೊಳಗೆ ಎರಡು ಸಲ ಬರಲಿ. ಕಪ್ಪು ಹಿನ್ನೆಲೆಗೆ ಕೆಂಪು ಅಕ್ಷರ ಹಾಕಬೇಡಿ, ದೂರಕ್ಕೆ ಕರಗುತ್ತದೆ. ಕಡುನೀಲಿಗೆ ಬಿಳಿ, ಬಿಳಿಗೆ ಕಪ್ಪು ಎದ್ದು ಕಾಣುತ್ತವೆ. ರೋಗಿಯ ಪೂರ್ತಿ ಹೆಸರು, ಕಾಯಿಲೆಯ ವಿಭಾಗ ಎರಡನ್ನೂ ಒಟ್ಟಿಗೆ ತೋರಿಸಬೇಡಿ, ಟೋಕನ್ ಸಂಖ್ಯೆ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ದೃಷ್ಟಿಯಿಂದಲೂ ಅದೇ ಸುರಕ್ಷಿತ. ಕಾಯುವ ಕೋಣೆಯಲ್ಲಿ ನೆರೆಮನೆಯವರೂ ಕುಳಿತಿರುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಮನೆಯ ಡಿಟಿಎಚ್ ಸಂಪರ್ಕ ತಂದು ಚಾನೆಲ್ ಹಾಕುವುದಕ್ಕೆ ಅನುಮತಿಯಿಲ್ಲ.

ಪುಟ ಬದಲಿಸುವವರು ಇಬ್ಬರಿರಲಿ, ಇಬ್ಬರಿಗೂ ಪ್ರತ್ಯೇಕ ಲಾಗಿನ್. ಪ್ರತಿ ಪುಟಕ್ಕೂ ಮುಗಿಯುವ ದಿನಾಂಕ ಹಾಕುವುದನ್ನು ಕಡ್ಡಾಯ ಮಾಡಿ. ಜನವರಿ 18ರ, ಕೃಷ್ಣಮಠದ ಪರ್ಯಾಯೋತ್ಸವದ ದಿನದ ವಾಹನ ಮಾರ್ಗ ಬದಲಾವಣೆಯ ಸೂಚನೆ ಮಾರ್ಚಿನಲ್ಲೂ ತಿರುಗುತ್ತಿದ್ದರೆ, ಜನ ಟೋಕನ್ ಸಂಖ್ಯೆಯನ್ನೂ ನಂಬದಾಗುತ್ತಾರೆ.

ಮಳೆಗಾಲದಲ್ಲಿ ಗಾಳಿಯ ತೇವ ಶೇ 90ರ ಸುತ್ತಮುತ್ತ ಇರುತ್ತದೆ. ಎಷ್ಟೋ ಪರದೆಗಳ ಮಿತಿ 80. ಮುಚ್ಚಿದ, ಎಸಿ ಇಲ್ಲದ ಕೋಣೆಗಳಲ್ಲಿ ರಾತ್ರಿ ಮುಖ್ಯ ಸ್ವಿಚ್ ಆರಿಸದೆ ಸ್ಟ್ಯಾಂಡ್‌ಬೈಯಲ್ಲಿಟ್ಟರೆ ಒಳಗಿನ ಸಣ್ಣ ಬಿಸಿ ತೇವವನ್ನು ದೂರವಿಡುತ್ತದೆ. ಸಿಡಿಲಿನ ಸಂಜೆಗೆ ಮಾತ್ರ ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕೀಳಬೇಕು. ಎಸಿ ಗಾಳಿ ನೇರ ಪರದೆಗೆ ಬೀಸದಿರಲಿ. ತಣ್ಣಗಾದ ಗಾಜಿಗೆ ಬಾಗಿಲು ತೆರೆದಾಗಿನ ಹೊರಗಾಳಿ ತಾಗಿ ಬೆವರುತ್ತದೆ.

ಹಲ್ಲಿ, ಇರುವೆ ಬೆಚ್ಚಗಿನ ಜಾಗ ಹುಡುಕಿ ಪರದೆಯ ಬೆನ್ನಿನ ಕಿಂಡಿಯಲ್ಲಿ ಮನೆ ಮಾಡುತ್ತವೆ. ತಂತಿ ಒಳಹೋಗುವ ತೂತುಗಳಿಗೆ ಸಣ್ಣ ಜಾಲರಿ ಹಾಕಿ, ಗಾಳಿ ಕಿಂಡಿಯನ್ನು ಮುಚ್ಚಬೇಡಿ. ಮೂರು ತಿಂಗಳಿಗೊಮ್ಮೆ ಒಣ ಬ್ರಷ್ಷಿನಿಂದ ಬೆನ್ನು, ತುಸುವೇ ಒದ್ದೆಯಾದ ಮೃದು ಬಟ್ಟೆಯಿಂದ ಮುಖ ಒರೆಸಿ. ಅಮೋನಿಯ ಇರುವ ಗಾಜಿನ ಸ್ಪ್ರೇ ಲೇಪವನ್ನು ಹಾಳುಮಾಡುತ್ತದೆ. ಹೊರಗಿನ ಫಲಕದ ಪೆಟ್ಟಿಗೆಯನ್ನು ಮೇ ಕೊನೆಗೆ ಒಮ್ಮೆ, ಆಗಸ್ಟ್ ನಡುವೆ ಒಮ್ಮೆ ತೆರೆದು ರಬ್ಬರ್ ಅಂಚು, ಸಿಲಿಕಾ ಜೆಲ್ ಚೀಲ, ಕನೆಕ್ಟರುಗಳ ಹಸಿರು ಕಿಲುಬು ನೋಡಬೇಕು. ನವೆಂಬರಿನಲ್ಲಿ ಸರ್ಜ್ ರಕ್ಷಕದ ಕಿಟಕಿ ನೋಡಿ: ಹಸಿರು ಹೋಗಿ ಕೆಂಪು ಬಂದಿದ್ದರೆ ಅದರ ಕೆಲಸ ಮುಗಿದಿದೆ. ಮುಂದಿನ ಏಪ್ರಿಲ್‌ಗೆ ಮೊದಲು ಆ ತುಂಡನ್ನು ಬದಲಿಸಿ, ಬದಲಿಸಿದ ದಿನಾಂಕವನ್ನು ಪೆಟ್ಟಿಗೆಯ ಒಳಬದಿಯಲ್ಲೇ ಬರೆದಿಡಿ.